ಗೋಡೆ ಓನರ್‌ದು, ಲ್ಯಾಪ್‌ಟಾಪ್ ಯಾರದ್ದು?

ಎರಡು ದಿನ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬೆಂಗಳೂರಿನ ಬಾಡಿಗೆ ಮನೆ ಬಾಗಿಲು ತೆಗೆದರೆ ಹಾಲ್ ತುಂಬಾ ನೀರು. ಮೇಲಿನ ಮನೆಯ ಪೈಪ್ ಒಡೆದಿತ್ತು. ಹಾಸಿಗೆ, ಪುಸ್ತಕ, ನೆಲದ ಮೇಲೆ ಚಾರ್ಜಿಗಿಟ್ಟಿದ್ದ ಲ್ಯಾಪ್‌ಟಾಪ್, ಅಮ್ಮ ಕೊಟ್ಟಿದ್ದ ಹೊಲಿಗೆ ಮಿಷನ್ ಎಲ್ಲಾ ನೆಂದಿದ್ದವು. ಓನರ್ ಓಡಿ ಬಂದರು. “ಚಿಂತೆ ಮಾಡ್ಬೇಡಿ, ಬಿಲ್ಡಿಂಗ್‌ಗೆ ಇನ್ಶೂರೆನ್ಸ್ ಇದೆ” ಅಂದರು. ನಾನು ನಿಜಕ್ಕೂ ಚಿಂತೆ ಬಿಟ್ಟೆ! ಎರಡು ತಿಂಗಳಲ್ಲಿ ಸೀಲಿಂಗ್ ರಿಪೇರಿಯಾಯ್ತು, ಗೋಡೆಗೆ ಹೊಸ ಪೇಂಟ್ ಬಂತು. ನನ್ನ ಲ್ಯಾಪ್‌ಟಾಪ್ ಬಗ್ಗೆ ಕೇಳಿದಾಗ ಅವರು ಆಶ್ಚರ್ಯದಿಂದ, “ಅದು ನಿಮ್ಮದಲ್ವಾ?” ಅಂದರು.

ಅವರ ಮೇಲೆ ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿಯಾಗೇ ಇತ್ತು. ‘ಅದು ನಿಮ್ಮದಲ್ವಾ?’ ಅನ್ನೋ ಈ ಪ್ರಶ್ನೆ ಎಷ್ಟು ಹಳೇದು ಅಂತ ಹುಡುಕುತ್ತಾ ಹೋದವನು ಬಂದು ನಿಂತಿದ್ದು 1647ರ ಇಂಗ್ಲೆಂಡಿನ ಒಂದು ಕೇಸಿನ ಮುಂದೆ. ಜಮೀನಿನ ಒಡೆಯ ಪ್ಯಾರಡೈನ್, ಗುತ್ತಿಗೆದಾರ ಜೇನ್. ಅಲ್ಲಿ ಆಗ ಅಂತರ್ಯುದ್ಧ ನಡೀತಿತ್ತು. ರಾಜಕುಮಾರ ರೂಪರ್ಟ್‌ನ ಸೈನ್ಯ ಬಂದು ಜೇನ್‌ನನ್ನು ಜಮೀನಿನಿಂದಲೇ ಹೊರಹಾಕಿತು. ‘ನಾನು ಅಲ್ಲಿ ಇರಲೇ ಇಲ್ಲ ಸ್ವಾಮಿ, ಬಾಡಿಗೆ ಹೇಗೆ ಕೊಡಲಿ?’ ಅನ್ನೋದು ಅವನ ವಾದ. (ರೂಪರ್ಟ್ ರಾಜನ ಶತ್ರು ಅಂತ ಬೇರೆ ವಾದಿಸಿದ್ದ. ಅಸಲಿಗೆ ಆತ ರಾಜನ ಅಕ್ಕನ ಮಗ!) ಕೋರ್ಟ್ ಒಪ್ಪಲಿಲ್ಲ. ಕೊಡ್ತೀನಿ ಅಂತ ಒಪ್ಪಿಕೊಂಡ ಮೇಲೆ ಸೈನ್ಯ ಬಂದರೂ ಕೊಡಬೇಕು ಅಂತ ತೀರ್ಪಾಯ್ತು.

ಆ ತೀರ್ಪಿನ ಬಿಸಿ ಇಡೀ ಊರಿಗೆ ತಟ್ಟಿದ್ದು 1666ರ ಸೆಪ್ಟೆಂಬರ್‌ನಲ್ಲಿ. ಪುಡ್ಡಿಂಗ್ ಲೇನ್‌ನ ಬೇಕರಿಯೊಂದರಲ್ಲಿ ಹೊತ್ತಿದ ಬೆಂಕಿ ಲಂಡನ್ನಿನ ಸುಮಾರು 13,200 ಮನೆಗಳನ್ನು ಸುಟ್ಟುಹಾಕಿತು. ಜನ ಹೊರಲಾದಷ್ಟು ಸಾಮಾನು ಹೊತ್ತು ಓಡಿದರು. ನೌಕಾಪಡೆಯ ಕಚೇರಿಯಲ್ಲಿದ್ದ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ವೈನನ್ನೂ ಪಾರ್ಮೆಸಾನ್ ಚೀಸನ್ನೂ ಗುಂಡಿ ತೋಡಿ ಹೂತಿಟ್ಟಿದ್ದನ್ನು ಡೈರಿಯಲ್ಲಿ ಬರೆದಿದ್ದಾನೆ. ಅವನದೂ ಸ್ವಂತ ಮನೆಯಲ್ಲ, ಕಚೇರಿ ಕೊಟ್ಟ ಕ್ವಾರ್ಟರ್ಸ್. ಗೋಡೆ ಚಿಂತೆ ಅವನದಲ್ಲ, ಚೀಸ್ ಚಿಂತೆ ಅವನದೇ.

ಬೆಂಕಿ ಆರಿದ ಮೇಲೆ ಇನ್ನೊಂದು ಕಷ್ಟ ಶುರುವಾಯ್ತು. ಎಷ್ಟೋ ಬಾಡಿಗೆದಾರರ ಕರಾರಿನಲ್ಲಿ ರಿಪೇರಿಯ ಹೊಣೆ ಅವರದೇ ಅಂತ ಇತ್ತು. ಅಂದರೆ ಮನೆ ಬೂದಿಯಾದರೂ ಬಾಡಿಗೆ ಕಟ್ಟಬೇಕು, ಜೊತೆಗೆ ಮನೇನೂ ಕಟ್ಟಿಕೊಡಬೇಕು! ಹೀಗಾದರೆ ಊರು ಮತ್ತೆ ಏಳೋದಿಲ್ಲ ಅಂತ 1667ರಲ್ಲಿ ‘ಫೈರ್ ಕೋರ್ಟ್’ ಎಂಬ ವಿಶೇಷ ನ್ಯಾಯಾಲಯ ಕೂತಿತು. ಕರಾರಿನ ಅಕ್ಷರಕ್ಕೆ ಜೋತುಬೀಳದೆ, ಕಟ್ಟಲು ಮುಂದೆ ಬಂದವನಿಗೆ ಗುತ್ತಿಗೆಯ ಅವಧಿ ಹೆಚ್ಚಿಸಿ, ಬಾಡಿಗೆ ಇಳಿಸಿ ನೂರಾರು ಜಗಳ ಬಗೆಹರಿಸಿತು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಆಮೇಲೆ ಬಂತು ವಿಮೆ. 1680ರ ಸುಮಾರಿಗೆ ನಿಕೊಲಸ್ ಬಾರ್ಬನ್ ಎಂಬ ಬಿಲ್ಡರ್ ಶುರುಮಾಡಿದ. ಇಟ್ಟಿಗೆ ಮನೆಗೆ ವರ್ಷದ ಬಾಡಿಗೆಯ ಶೇ. 2.5, ಮರದ ಮನೆಗೆ ಶೇ. 5 ಪ್ರೀಮಿಯಂ. ಗಮನಿಸಿ, ಲೆಕ್ಕ ಹಾಕಿದ್ದು ಬಾಡಿಗೆಯ ಮೇಲೆ, ಕಾಪಾಡಿದ್ದು ಕಟ್ಟಡವನ್ನ. ಒಳಗಿನ ಪಾತ್ರೆ, ಬಟ್ಟೆ, ಹಾಸಿಗೆಗಳ ಹೆಸರೇ ಇಲ್ಲ. ಸಾಮಾನಿಗೂ ವಿಮೆ ಕೊಡೋಣ ಅಂತ ಚಾರ್ಲ್ಸ್ ಪೊವೆ ಎಂಬಾತ ಹೊರಟಿದ್ದು 1708ರಲ್ಲಿ. 1710ರಲ್ಲಿ ಆ ಯೋಜನೆಯನ್ನೇ ವಹಿಸಿಕೊಂಡು ಸನ್ ಫೈರ್ ಆಫೀಸ್ ಹುಟ್ಟಿತು. ಗೋಡೆಗೆ ವಿಮೆ ಸಿಕ್ಕಿ ಸುಮಾರು ಮೂವತ್ತು ವರ್ಷ ಆದಮೇಲೆ ಚಾಪೆಗೆ ಸಿಕ್ಕಿತು. ಸನ್‌ನ ಹಳೇ ರಿಜಿಸ್ಟರ್‌ಗಳು ಇವತ್ತಿಗೂ ಲಂಡನ್ನಿನಲ್ಲಿ ಉಳಿದಿವೆ. ಇಂಥವನು, ಇಂಥ ಕಸುಬು, ಮನೆ ಸಾಮಾನು ಇಷ್ಟು, ಉಡುವ ಬಟ್ಟೆ ಇಷ್ಟು ಅಂತ ಸಾಲುಸಾಲಾಗಿ ಬರೆದಿದ್ದಾರೆ.

ಇನ್ನು ನಮ್ಮ ಕಡೆಗೆ ಬರೋಣ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಓದಿದಾಗ ನನಗೆ ಜೇನ್ ನೆನಪಾದ. ಬೆಂಕಿ, ಬಿರುಗಾಳಿ, ಪ್ರವಾಹ, ಸೈನ್ಯ ಅಥವಾ ದೊಂಬಿಯ ಹಿಂಸೆಯಿಂದ ಮನೆ ಇರಲಾಗದಂತೆ ಹಾಳಾದರೆ ಬಾಡಿಗೆದಾರ ಕರಾರು ಮುರಿಯಬಹುದು. ಹೌದು, ಸೈನ್ಯ ಅಂತಲೇ ಇದೆ! ಆದರೆ ಹಾನಿ ಅವನದೇ ತಪ್ಪಿನಿಂದ ಆಗಿದ್ದರೆ ಈ ರಿಯಾಯ್ತಿ ಇಲ್ಲ. ಸಾಮಾನಿನ ವಿಚಾರವಂತೂ ಅಲ್ಲಿ ಬರೋದೇ ಇಲ್ಲ.

ಅದಕ್ಕಿರೋದು ಪಾಲಿಸಿ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ವನ್ನು ಕಟ್ಟಡ ಬಿಟ್ಟು ಬರೀ ಮನೆ ಸಾಮಾನಿಗೂ ತಗೋಬಹುದು. ಬೆಂಕಿ, ನೆರೆ, ಭೂಕಂಪದ ಜೊತೆಗೆ ಪೈಪ್ ಒಡೆಯೋದೂ ಅದರಲ್ಲಿದೆ (ಓದಿ ಹಣೆ ಚಚ್ಚಿಕೊಂಡೆ). ಕಳ್ಳತನದ ವಿಷಯದಲ್ಲಿ ಮಾತ್ರ ಹುಷಾರು. ಇಂಥ ಅನಾಹುತ ಆಗಿ ಏಳು ದಿನದೊಳಗೆ ಕದ್ದರೆ ಸರಿ, ಸುಮ್ಮನೆ ಬೀಗ ಒಡೆದು ಕದ್ದರೆ ಅದಕ್ಕೆ ಬೇರೆ ಕವರ್ ಬೇಕು. ಒಡವೆಯನ್ನೂ ಬೇರೆಯಾಗೇ ಹೇಳಿ ಸೇರಿಸಬೇಕು. ನೀವು ಗ್ಯಾಸ್ ಆರಿಸೋದು ಮರೆತು ಓನರ್ ಗೋಡೆ ಸುಟ್ಟರೆ ಆ ನಷ್ಟ ನಿಮ್ಮ ತಲೆಗೆ ಬರಬಹುದು. ಹೊಣೆಗಾರಿಕೆಯ ಕವರ್ ಇದೆಯಾ ಅಂತ ಕೇಳದೆ ಸಹಿ ಹಾಕಬೇಡಿ. ಹತ್ತು ತಿಂಗಳ ಅಡ್ವಾನ್ಸ್ ಬೇರೆ ಅವರ ಕೈಯಲ್ಲೇ ಇರುತ್ತಲ್ಲ!

ಕಳೆದ ಭಾನುವಾರ ನಾನೂ ಸನ್‌ನ ಗುಮಾಸ್ತನ ಥರ ಪಟ್ಟಿ ಮಾಡಲು ಕೂತೆ. ಪ್ರತಿ ರೂಮಿನದೂ ಮೊಬೈಲಲ್ಲಿ ವಿಡಿಯೋ, ಸಿಕ್ಕ ಬಿಲ್‌ಗಳ ಫೋಟೋ, ಇವತ್ತು ಹೊಸದು ತಂದರೆ ಎಷ್ಟಾಗುತ್ತೆ ಅನ್ನೋ ಲೆಕ್ಕ. ಏನೂ ಇಲ್ಲದ ಬ್ಯಾಚುಲರ್ ಮನೆ ಅಂದ್ಕೊಂಡಿದ್ದೆ, ಮೊತ್ತ ಮೂರು ಲಕ್ಷ ದಾಟಿತು. ಹೊಲಿಗೆ ಮಿಷನ್ ಹೆಸರಿನ ಮುಂದೆ ಏನು ಬರೆಯೋದು ತಿಳಿಯದೆ ಅಮ್ಮನಿಗೆ ಫೋನ್ ಮಾಡಿದೆ.

“ಅದಕ್ಕೆಲ್ಲಾ ಯಾರು ದುಡ್ಡು ಕೊಡ್ತಾರೋ? ಓಡುತ್ತಾ ಅದು?” ಅಂದರು.

ತುಕ್ಕು ಬಿಡಿಸಿ ಎಣ್ಣೆ ಹಾಕಿದ ಮೇಲೆ ಓಡ್ತಿದೆ. ಸ್ವಲ್ಪ ಸದ್ದು ಮಾಡುತ್ತೆ, ಅಷ್ಟೆ.