ವರ್ಷಾಂತ್ಯದ ಪ್ರಬಂಧ ಮತ್ತು ಅದರ ಪರೀಕ್ಷಕರು: ಅಮೆರಿಕದ ಪ್ರೌಢಶಾಲೆಗಳ ಉನ್ನತ ಇಂಗ್ಲಿಷ್ ತರಗತಿಯ ಇತಿಹಾಸದ ಒಂದು ಅಧ್ಯಾಯ

1

ಶಾಲಾ ಶಿಕ್ಷಣದ ಇತಿಹಾಸವನ್ನು ಬರೆಯುವವರು ಪಠ್ಯಕ್ರಮ, ಆಡಳಿತ, ಅನುದಾನ ಮುಂತಾದ ವಿಷಯಗಳಿಗೆ ಕೊಡುವಷ್ಟು ಗಮನವನ್ನು ಶಾಲಾವರ್ಷದ ಕಟ್ಟಕಡೆಯ ಕೆಲವು ವಾರಗಳಿಗೆ ಕೊಡುವುದಿಲ್ಲ. ಆದರೆ ಒಂದು ಶಿಕ್ಷಣ ಪದ್ಧತಿಯು ವಿದ್ಯಾರ್ಥಿಯಿಂದ ಅಂತಿಮವಾಗಿ ಏನನ್ನು ಅಪೇಕ್ಷಿಸುತ್ತದೆ, ಅದರ ಬೆಲೆಯನ್ನು ಕಟ್ಟುವ ಅಧಿಕಾರವನ್ನು ಯಾರ ಕೈಗೆ ಒಪ್ಪಿಸುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವು ಸ್ಪಷ್ಟವಾಗಿ ದೊರೆಯುವುದು ಆ ವಾರಗಳಲ್ಲಿಯೇ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪ್ರೌಢಶಾಲೆಗಳಲ್ಲಿ ‘ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್’ ಎಂಬ ಹೆಸರಿನಿಂದ ನಡೆಯುವ ಉನ್ನತ ಇಂಗ್ಲಿಷ್ ತರಗತಿಯು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ. ಈ ತರಗತಿಯಲ್ಲಿ ವರ್ಷಾಂತ್ಯದ ಕೆಲಸವು ಎರಡು ಭಾಗಗಳಾಗಿ ಒಡೆದಿದೆ. ಮೇ ತಿಂಗಳ ಆರಂಭದಲ್ಲಿ ದೇಶಕ್ಕೆಲ್ಲ ಸಾಮಾನ್ಯವಾದ ಒಂದು ಲಿಖಿತ ಪರೀಕ್ಷೆ. ಅಲ್ಲಿಂದ ಶಾಲೆ ಮುಚ್ಚುವವರೆಗೆ ಅಧ್ಯಾಪಕನೇ ಗೊತ್ತುಮಾಡುವ ತರಗತಿಯ ಬರವಣಿಗೆ. ಈ ಒಡಕು ಹೇಗೆ ಉಂಟಾಯಿತು, ಇದರಿಂದ ಲಾಭವಾದುದೇನು, ನಷ್ಟವಾದುದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಶಾಲೆಗಳ ವರ್ಷಾಂತ್ಯವೆಂದರೆ ಒಂದು ಸಾರ್ವಜನಿಕ ಸಮಾರಂಭ. ಊರಿನ ಗಣ್ಯರೂ ತಂದೆತಾಯಿಗಳೂ ನೆರೆದ ಸಭೆಯಲ್ಲಿ ವಿದ್ಯಾರ್ಥಿಗಳು ಭಾಷಣಗಳನ್ನು ಒಪ್ಪಿಸುತ್ತಿದ್ದರು. ಬಾಯಿಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಇಲ್ಲಿ ಪರೀಕ್ಷಕರು ಊರಿನವರೇ. ತೀರ್ಪು ಚಪ್ಪಾಳೆಯ ರೂಪದಲ್ಲಿ ಅಲ್ಲಿಯೇ ದೊರೆಯುತ್ತಿತ್ತು. 1845ರಲ್ಲಿ ಬಾಸ್ಟನ್ ನಗರದ ಶಾಲಾ ಸಮಿತಿಯು ಅಚ್ಚು ಹಾಕಿಸಿದ ಪ್ರಶ್ನೆಗಳಿಗೆ ಬರೆಹದಲ್ಲಿ ಉತ್ತರ ಪಡೆಯುವ ಕ್ರಮವನ್ನು ಪ್ರಯೋಗಿಸಿದಾಗ ಈ ಸಂಪ್ರದಾಯಕ್ಕೆ ಮೊದಲ ಪೆಟ್ಟು ಬಿದ್ದಿತು. ಕಿವಿಯಿಂದ ಕೇಳಿ ಮೆಚ್ಚುವ ಕಾಲ ಹೋಗಿ, ಕಣ್ಣಿನಿಂದ ಓದಿ ಅಳೆಯುವ ಕಾಲ ಬಂದಿತು.

ಇಂಗ್ಲಿಷ್ ಸಾಹಿತ್ಯದ ಮಟ್ಟಿಗೆ ನಿರ್ಣಾಯಕವಾದ ಹೆಜ್ಜೆಯನ್ನಿಟ್ಟದ್ದು ಹಾರ್ವರ್ಡ್ ಕಾಲೇಜು. ಅಧ್ಯಕ್ಷ ಚಾರ್ಲ್ಸ್ ಎಲಿಯಟ್ಟರ ಆಡಳಿತದಲ್ಲಿ, 1874ರಿಂದ, ಪ್ರವೇಶವನ್ನು ಬಯಸುವ ಪ್ರತಿಯೊಬ್ಬನೂ ಗೊತ್ತುಪಡಿಸಿದ ಕೃತಿಗಳನ್ನು ಆಧರಿಸಿ ಒಂದು ಚಿಕ್ಕ ಪ್ರಬಂಧವನ್ನು ಬರೆಯಬೇಕೆಂಬ ನಿಯಮ ಬಂದಿತು. ಷೇಕ್ಸ್‌ಪಿಯರನ ಕೆಲವು ನಾಟಕಗಳು, ಗೋಲ್ಡ್‌ಸ್ಮಿತ್ ಮತ್ತು ಸ್ಕಾಟ್ ಇವರ ಕೃತಿಗಳು ಆ ಪಟ್ಟಿಯಲ್ಲಿದ್ದವು. ಕಾಗುಣಿತ, ವಿರಾಮಚಿಹ್ನೆ, ವ್ಯಾಕರಣ, ಅಭಿವ್ಯಕ್ತಿ ಇವು ಶುದ್ಧವಾಗಿರಬೇಕೆಂಬುದೇ ಮುಖ್ಯವಾದ ಅಪೇಕ್ಷೆ. ಪ್ರೌಢಶಾಲೆಯ ಇಂಗ್ಲಿಷ್ ತರಗತಿಯ ಕೊನೆಯ ಕೆಲಸವು ಏನಾಗಿರಬೇಕೆಂಬುದನ್ನು ಶಾಲೆಯ ಹೊರಗಿನ ಸಂಸ್ಥೆಯೊಂದು ನಿರ್ಧರಿಸುವ ಪರಿಪಾಠಕ್ಕೆ ಇದು ನಾಂದಿಯಾಯಿತೆಂದು ನಾವು ಹೇಳಬಹುದು.

ಬೇರೆ ಕಾಲೇಜುಗಳೂ ಇದೇ ದಾರಿಯನ್ನು ಹಿಡಿದುವು. ಆದರೆ ಒಂದೊಂದು ಕಾಲೇಜಿನ ಪಟ್ಟಿ ಒಂದೊಂದು ಬಗೆ. ಈ ಗೊಂದಲವನ್ನು ನಿವಾರಿಸಲು 1894ರಲ್ಲಿ ಕಾಲೇಜುಗಳ ಪ್ರತಿನಿಧಿಗಳು ಸೇರಿ ಏಕರೂಪದ ಪಟ್ಟಿಯನ್ನು ಸಿದ್ಧಪಡಿಸತೊಡಗಿದರು. 1900ರಲ್ಲಿ ಕಾಲೇಜು ಪ್ರವೇಶ ಪರೀಕ್ಷಾ ಮಂಡಳಿಯು ಸ್ಥಾಪಿತವಾಗಿ, 1901ರ ಜೂನ್ ತಿಂಗಳಿನಲ್ಲಿ ಮೊದಲ ಪರೀಕ್ಷೆಗಳನ್ನು ನಡೆಸಿತು. ಅಂದು ಪರೀಕ್ಷೆಗೆ ಕುಳಿತವರು 973 ಮಂದಿ. ಅವರ ಉತ್ತರಪತ್ರಿಕೆಗಳನ್ನು ಓದಲು ಅಧ್ಯಾಪಕರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ನೆರೆದರು. ಎಲ್ಲರೂ ಒಂದೆಡೆ ಕುಳಿತು ಓದುವ ಈ ಪದ್ಧತಿಯನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಮತ್ತೆ ಪ್ರಸ್ತಾಪಕ್ಕೆ ಬರುತ್ತದೆ.

ಶಾಲಾ ಅಧ್ಯಾಪಕರು ಇದನ್ನು ಮೌನವಾಗಿ ಒಪ್ಪಿಕೊಳ್ಳಲಿಲ್ಲ. ಪ್ರೌಢಶಾಲೆಗೆ ಬರುವ ಮಕ್ಕಳಲ್ಲಿ ಬಹುಪಾಲು ಕಾಲೇಜಿಗೆ ಹೋಗುವವರಲ್ಲ. ಹೀಗಿರಲು ಕಾಲೇಜಿನ ಪಟ್ಟಿ ಎಲ್ಲರ ಓದನ್ನೂ ಆಳುವುದು ನ್ಯಾಯವೇ ಎಂಬ ಪ್ರಶ್ನೆ ಎದ್ದಿತು. 1911ರಲ್ಲಿ ಷಿಕಾಗೊ ನಗರದಲ್ಲಿ ಇಂಗ್ಲಿಷ್ ಅಧ್ಯಾಪಕರ ರಾಷ್ಟ್ರೀಯ ಪರಿಷತ್ತು ಹುಟ್ಟಿದ್ದು ಬಹುಮಟ್ಟಿಗೆ ಈ ಅಸಮಾಧಾನದಿಂದಲೇ. ಜೇಮ್ಸ್ ಹೋಸಿಕ್ ಅವರು ಸಿದ್ಧಪಡಿಸಿ 1917ರಲ್ಲಿ ಪ್ರಕಟವಾದ ವರದಿಯು ಪ್ರೌಢಶಾಲೆಯ ಇಂಗ್ಲಿಷ್ ಬೋಧನೆಗೆ ಕಾಲೇಜು ಪ್ರವೇಶವಲ್ಲದೆ ಬೇರೆ ಗುರಿಗಳೂ ಇವೆಯೆಂದು ಪ್ರತಿಪಾದಿಸಿತು.

3

ಇಷ್ಟರಲ್ಲಿ ಪ್ರಬಂಧಕ್ಕೆ ಇನ್ನೊಂದು ದಿಕ್ಕಿನಿಂದ ಅಪಾಯ ಒದಗಿತು. 1912ರಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಸಂಶೋಧಕರು ಪ್ರೌಢಶಾಲೆಯ ಇಂಗ್ಲಿಷ್ ಉತ್ತರಪತ್ರಿಕೆಗಳೆರಡನ್ನು ಅನೇಕ ಶಾಲೆಗಳಿಗೆ ಕಳುಹಿಸಿ ಅಂಕ ಹಾಕಿಸಿದರು. ಅವುಗಳಲ್ಲಿ ಒಂದು ಪತ್ರಿಕೆಗೆ ಒಬ್ಬ ಅಧ್ಯಾಪಕ 64 ಅಂಕಗಳನ್ನು ಕೊಟ್ಟಿದ್ದರೆ ಮತ್ತೊಬ್ಬ 98 ಅಂಕಗಳನ್ನು ಕೊಟ್ಟಿದ್ದನು. ಬರೆದವನು ಒಬ್ಬನೇ, ಬರೆದದ್ದೂ ಒಂದೇ. ಬೇರೆಯಾಗಿದ್ದುದು ಓದಿದವನು ಮಾತ್ರ. ಅಳತೆಗೋಲೇ ಹೀಗೆ ಕುಗ್ಗಿ ಹಿಗ್ಗುವುದಾದರೆ ಅಳತೆಗೆ ಅರ್ಥವೇನು ಎಂಬ ಆಕ್ಷೇಪಕ್ಕೆ ಪ್ರಬಂಧದ ಪಕ್ಷಪಾತಿಗಳಲ್ಲಿ ಸಿದ್ಧ ಉತ್ತರವಿರಲಿಲ್ಲ.

ಉತ್ತರವನ್ನು ಕೊಡಲು ಮುಂದೆ ಬಂದವರು ಮನೋವಿಜ್ಞಾನಿಗಳು. ಕಾರ್ಲ್ ಬ್ರಿಗಮ್ ಅವರ ನೇತೃತ್ವದಲ್ಲಿ ರೂಪುಗೊಂಡ ಸ್ಕಾಲಸ್ಟಿಕ್ ಆಪ್ಟಿಟ್ಯೂಡ್ ಟೆಸ್ಟ್ 1926ರ ಜೂನ್ ತಿಂಗಳಿನಲ್ಲಿ ಮೊದಲ ಬಾರಿಗೆ ನಡೆಯಿತು. ಸುಮಾರು 8,000 ಮಂದಿ ಅದಕ್ಕೆ ಕುಳಿತರು. ಇಲ್ಲಿ ಓದುಗನ ಅಭಿರುಚಿಗೆ ಎಡೆಯಿಲ್ಲ, ಸರಿಯುತ್ತರ ಒಂದೇ. ಹಲವು ವರ್ಷಗಳ ಕಾಲ ಎರಡು ಬಗೆಯ ಪರೀಕ್ಷೆಗಳೂ ಜೊತೆಜೊತೆಯಾಗಿ ನಡೆದುವು. ಕೊನೆಗೆ ತೀರ್ಮಾನವನ್ನು ತಂದದ್ದು ಶಿಕ್ಷಣಶಾಸ್ತ್ರವಲ್ಲ, ಯುದ್ಧ. 1941ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕವು ಮಹಾಯುದ್ಧಕ್ಕೆ ಇಳಿದಾಗ ಕಾಲೇಜುಗಳು ಬೇಸಗೆಯಲ್ಲಿಯೂ ಪಾಠಗಳನ್ನು ನಡೆಸುವ ತ್ವರಿತ ಕ್ರಮಕ್ಕೆ ತೊಡಗಿದುವು. ಜೂನ್ ತಿಂಗಳ ಪ್ರಬಂಧ ಪರೀಕ್ಷೆಗಾಗಿ, ಅದರ ನಿಧಾನವಾದ ಮೌಲ್ಯಮಾಪನಕ್ಕಾಗಿ ಕಾಯುವಷ್ಟು ವ್ಯವಧಾನ ಅವಕ್ಕೆ ಉಳಿಯಲಿಲ್ಲ. 1942ರಲ್ಲಿ ಮಂಡಳಿಯ ಹಳೆಯ ಪ್ರಬಂಧ ಪರೀಕ್ಷೆಗಳು ನಿಂತುಹೋದುವು. ಯುದ್ಧ ಮುಗಿದರೂ ಅವು ಮರಳಲಿಲ್ಲ. ತುರ್ತಿನಲ್ಲಿ ಕೈಬಿಟ್ಟ ಒಂದು ಪದ್ಧತಿ ಶಾಶ್ವತವಾಗಿ ಕೈಬಿಟ್ಟು ಹೋಗುವುದಕ್ಕೆ ಇತಿಹಾಸದಲ್ಲಿ ಇದೊಂದೇ ನಿದರ್ಶನವಲ್ಲ.

4

ಪ್ರಬಂಧವು ಹಿಂದಿರುಗಿ ಬಂದದ್ದು ಬೇರೊಂದು ಬಾಗಿಲಿನಿಂದ. ಪ್ರೌಢಶಾಲೆಯ ಕೊನೆಯ ಎರಡು ವರ್ಷಗಳಲ್ಲಿ ಕಲಿತದ್ದನ್ನೇ ಕಾಲೇಜಿನ ಮೊದಲ ಎರಡು ವರ್ಷಗಳಲ್ಲಿ ಮತ್ತೆ ಕಲಿಸಲಾಗುತ್ತಿದೆಯೆಂಬ ದೂರು 1950ರ ಹೊತ್ತಿಗೆ ಬಲವಾಗಿತ್ತು. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಎರಡು ಪ್ರಯತ್ನಗಳು ನಡೆದುವು. ಆಂಡೋವರ್, ಎಕ್ಸೆಟರ್, ಲಾರೆನ್ಸ್‌ವಿಲ್ ಎಂಬ ಮೂರು ಖಾಸಗಿ ಶಾಲೆಗಳು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಗಳೊಡನೆ ಕೂಡಿ ನಡೆಸಿದ ಅಧ್ಯಯನವು 1952ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಮತ್ತೊಂದು ಪ್ರಯತ್ನವು ಒಹಾಯೊ ಸಂಸ್ಥಾನದ ಕೆನ್ಯನ್ ಕಾಲೇಜಿನ ಅಧ್ಯಕ್ಷ ಗಾರ್ಡನ್ ಕೀತ್ ಚಾಮರ್ಸ್ ಅವರದು. ಅವರ ಮುಂದಾಳುತನದಲ್ಲಿ ಹನ್ನೆರಡು ಕಾಲೇಜುಗಳು ಸೇರಿ, ಶಾಲೆಯಲ್ಲಿಯೇ ಕಾಲೇಜಿನ ಮಟ್ಟದ ಪಾಠವನ್ನು ಮುಗಿಸಿದ ವಿದ್ಯಾರ್ಥಿಗೆ ಕಾಲೇಜಿನಲ್ಲಿ ಮನ್ನಣೆ ಕೊಡುವ ಯೋಜನೆಯನ್ನು ರೂಪಿಸಿದುವು. 1955ರಲ್ಲಿ ಈ ಯೋಜನೆಯ ಹೊಣೆಯನ್ನು ಕಾಲೇಜು ಪ್ರವೇಶ ಪರೀಕ್ಷಾ ಮಂಡಳಿಯೇ ವಹಿಸಿಕೊಂಡಿತು. 1956ರ ಮೇ ತಿಂಗಳ ಪರೀಕ್ಷೆಗೆ 104 ಶಾಲೆಗಳಿಂದ 1,229 ವಿದ್ಯಾರ್ಥಿಗಳು ಕುಳಿತರು. ಹದಿನಾಲ್ಕು ವರ್ಷಗಳ ಹಿಂದೆ ಪ್ರಬಂಧವನ್ನು ಹೊರಗೆ ಕಳುಹಿಸಿದ ಮಂಡಳಿಯೇ ಈಗ ಅದನ್ನು ಒಳಗೆ ಬರಮಾಡಿಕೊಂಡಿತೆಂಬುದು ಗಮನಾರ್ಹ.

ಆದರೆ 1912ರ ಹಳೆಯ ಆಕ್ಷೇಪ ಹಾಗೆಯೇ ನಿಂತಿತ್ತು. ಪಾಲ್ ಡೀಡರಿಕ್ ಮತ್ತು ಅವರ ಸಹೋದ್ಯೋಗಿಗಳು 1961ರಲ್ಲಿ ಪ್ರಕಟಿಸಿದ ಅಧ್ಯಯನವು ಅದನ್ನು ಇನ್ನಷ್ಟು ತೀಕ್ಷ್ಣಗೊಳಿಸಿತು. ಬೇರೆ ಬೇರೆ ವೃತ್ತಿಗಳಿಗೆ ಸೇರಿದ 53 ಮಂದಿ ಓದುಗರಿಗೆ 300 ಪ್ರಬಂಧಗಳನ್ನು ಕೊಟ್ಟು, ಯಾವ ಸೂಚನೆಯನ್ನೂ ಕೊಡದೆ, ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಲು ಹೇಳಿದಾಗ, ಐದಕ್ಕಿಂತ ಕಡಮೆ ಬಗೆಯ ದರ್ಜೆಗಳನ್ನು ಪಡೆದ ಪ್ರಬಂಧ ಒಂದೂ ಇರಲಿಲ್ಲ. ಮೇಲ್ನೋಟಕ್ಕೆ ಇದು ಪ್ರಬಂಧ ಪರೀಕ್ಷೆಯ ಮರಣಶಾಸನದಂತೆ ಕಾಣುತ್ತದೆ. ಆದರೆ ಆ ಓದುಗರು ಒಬ್ಬರನ್ನೊಬ್ಬರು ಕಂಡು ಚರ್ಚಿಸಿದವರಲ್ಲ. ಒಳ್ಳೆಯ ಬರವಣಿಗೆ ಯಾವುದೆಂಬುದನ್ನು ಕುರಿತು ಮೊದಲೇ ಒಂದು ಒಪ್ಪಂದಕ್ಕೆ ಬಂದವರೂ ಅಲ್ಲ. ಐದು ವರ್ಷಗಳ ಅನಂತರ, 1966ರಲ್ಲಿ, ಗಾಡ್‌ಷಾಕ್ ಮತ್ತು ಸಂಗಡಿಗರ ಗ್ರಂಥವು ಇದರ ಮರುಪುಟವನ್ನು ತೋರಿಸಿತು. ಓದುಗರು ಒಂದೆಡೆ ಸೇರಿ, ಮಾದರಿ ಉತ್ತರಗಳನ್ನು ಓದಿ ಸಮಾನವಾದ ದೃಷ್ಟಿಯನ್ನು ಸಾಧಿಸಿಕೊಂಡ ಮೇಲೆ, ಒಬ್ಬ ವಿದ್ಯಾರ್ಥಿಯ ಹಲವು ಪ್ರಬಂಧಗಳನ್ನು ಹಲವರು ಸಮಗ್ರವಾಗಿ ಓದಿ ಕೊಟ್ಟ ಅಂಕಗಳ ಮೊತ್ತವು ವಿಶ್ವಾಸಾರ್ಹವಾಗುತ್ತದೆಂದು ಅದು ಸ್ಥಾಪಿಸಿತು.

ಉನ್ನತ ಇಂಗ್ಲಿಷ್ ಪರೀಕ್ಷೆಯ ಮೌಲ್ಯಮಾಪನ ನಡೆದುಬಂದಿರುವುದು ಈ ತತ್ತ್ವದ ಮೇಲೆಯೇ. ಪ್ರೌಢಶಾಲೆಯ ಅಧ್ಯಾಪಕರೂ ಕಾಲೇಜಿನ ಅಧ್ಯಾಪಕರೂ ಜೂನ್ ತಿಂಗಳಲ್ಲಿ ಈ ಕಾರ್ಯಕ್ಕೆ ಕೂಡುತ್ತಾರೆ. ಮೊದಲು ಎಲ್ಲರೂ ಮಾದರಿ ಉತ್ತರಗಳನ್ನು ಓದಿ, ಅಂಕ ಹಾಕಿ, ತಮ್ಮ ಭೇದಗಳನ್ನು ಚರ್ಚಿಸಿ ಸರಿಪಡಿಸಿಕೊಳ್ಳುತ್ತಾರೆ. ಒಬ್ಬ ವಿದ್ಯಾರ್ಥಿಯ ಮೂರು ಪ್ರಬಂಧಗಳು ಬೇರೆ ಬೇರೆ ಓದುಗರ ಕೈಸೇರುತ್ತವೆ; ಒಬ್ಬನ ಅಂಕ ಇನ್ನೊಬ್ಬನಿಗೆ ತಿಳಿಯದು. 1901ರಲ್ಲಿ ಕೊಲಂಬಿಯಾದಲ್ಲಿ ಕಂಡ ನೋಟವೇ ಇಲ್ಲಿ ವಿಸ್ತಾರವಾಗಿ ಪುನರಾವೃತ್ತಿಯಾಗಿದೆ. ಕೇಂದ್ರ ಮೌಲ್ಯಮಾಪನದ ಕೊಠಡಿಗಳನ್ನು ಬಲ್ಲ ನಮ್ಮ ಕಾಲೇಜು ಅಧ್ಯಾಪಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪ್ರಬಂಧವನ್ನು ಉಳಿಸಿದ್ದು ಪ್ರಶ್ನಪತ್ರಿಕೆಯ ಚಾತುರ್ಯವಲ್ಲ. ಓದುವವರ ಒಮ್ಮತವೆಂಬುದು ನಮ್ಮ ಅಭಿಪ್ರಾಯ.

5

ಹೀಗೆ ಪ್ರಬಂಧಕ್ಕೆ ಪುನರ್ಜನ್ಮ ದೊರೆತರೂ ಅದಕ್ಕೆ ತೆತ್ತ ಬೆಲೆಯನ್ನು ನಾವು ಮರೆಯಲಾಗದು. ಈಗಿನ ಕ್ರಮದಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಗೆ ಶೇಕಡ 45, ಮೂರು ಪ್ರಬಂಧಗಳಿಗೆ ಶೇಕಡ 55 ಮೌಲ್ಯವಿದೆ. ಒಂದೊಂದು ಪ್ರಬಂಧಕ್ಕೆ ದೊರೆಯುವ ಕಾಲ ಸುಮಾರು 40 ನಿಮಿಷ. ಬರೆದುದನ್ನು ತಿದ್ದಿ ಮತ್ತೆ ಬರೆಯುವುದಕ್ಕೆ ಅಲ್ಲಿ ಅವಕಾಶ ಕಡಮೆ. ಫಲಿತಾಂಶವು ಜುಲೈ ತಿಂಗಳಲ್ಲಿ, ತರಗತಿ ಚೆದುರಿಹೋದ ಮೇಲೆ, 1ರಿಂದ 5ರವರೆಗಿನ ಒಂದು ಅಂಕೆಯಾಗಿ ಬರುತ್ತದೆ. ಆ ಅಂಕೆಯೊಡನೆ ಓದುಗನ ಒಂದು ಮಾತೂ ಬರುವುದಿಲ್ಲ. ಅಂದರೆ ವಿದ್ಯಾರ್ಥಿಯ ಬರವಣಿಗೆಗೆ ತೀರ್ಪು ದೊರೆಯುತ್ತದೆ, ಉತ್ತರ ದೊರೆಯುವುದಿಲ್ಲ.

ಈ ಕೊರತೆಯನ್ನು ತುಂಬುವುದು ಪರೀಕ್ಷೆಯ ಅನಂತರದ ವಾರಗಳು. ದಕ್ಷಿಣದ ಸಂಸ್ಥಾನಗಳ ಅನೇಕ ಶಾಲೆಗಳು ಮೇ ತಿಂಗಳ ಕೊನೆಯಲ್ಲಿ ಮುಚ್ಚಿದರೆ, ಈಶಾನ್ಯದ ಶಾಲೆಗಳು ಜೂನ್ ತಿಂಗಳ ನಡುವಿನವರೆಗೆ, ಕೆಲವೆಡೆ ಇನ್ನೂ ಮುಂದಕ್ಕೆ, ನಡೆಯುತ್ತವೆ. ಅಂತಿಮ ವರ್ಷದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಈ ಹೊತ್ತಿಗೆ ಕಾಲೇಜಿನ ಸ್ಥಾನ ಗೊತ್ತಾಗಿರುತ್ತದೆ. ಪರೀಕ್ಷೆಯೂ ಮುಗಿದು ಪ್ರವೇಶವೂ ಮುಗಿದ ಮೇಲೆ ಓದುವುದೇಕೆ ಎಂಬ ಆಲಸ್ಯವು ಸಹಜ. ಅಧ್ಯಾಪಕರು ಇದರ ವಿರುದ್ಧ ಪ್ರತಿವರ್ಷವೂ ಹೋರಾಡಬೇಕಾಗುತ್ತದೆ. ದೀರ್ಘವಾದ ಸಂಶೋಧನಾ ಪ್ರಬಂಧ, ನಾಟಕದ ಅಭಿನಯ, ಸ್ವಂತ ಆಯ್ಕೆಯ ಗ್ರಂಥದ ವಿಮರ್ಶೆ, ವರ್ಷವೆಲ್ಲ ಬರೆದ ಲೇಖನಗಳನ್ನು ಕೂಡಿಸಿ ತಿದ್ದಿದ ಸಂಪುಟ, ತನ್ನ ಜೀವನವನ್ನು ಕುರಿತ ಬರೆಹ ಇವು ಆ ದಿನಗಳ ಸಾಮಾನ್ಯವಾದ ಕೆಲಸಗಳು. ಇವುಗಳ ಲಕ್ಷಣವೆಂದರೆ, ಅಂಚಿನಲ್ಲಿ ಅಧ್ಯಾಪಕನ ಟಿಪ್ಪಣಿಗಳನ್ನು ಹೊತ್ತು ಇವು ಬರೆದವನ ಕೈಗೆ ಮರಳುತ್ತವೆ. 1966ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ನೆರೆದ ಬ್ರಿಟಿಷ್ ಮತ್ತು ಅಮೆರಿಕನ್ ಅಧ್ಯಾಪಕರ ಸಮ್ಮೇಳನದಲ್ಲಿ ವಿದ್ಯಾರ್ಥಿಯ ಬೆಳವಣಿಗೆಯೇ ಭಾಷಾಬೋಧನೆಯ ಕೇಂದ್ರವಾಗಬೇಕೆಂಬ ವಾದವು ಪ್ರಬಲವಾಗಿ ಕೇಳಿಬಂದಿತಷ್ಟೆ. ಆ ವಾದಕ್ಕೆ ಉನ್ನತ ತರಗತಿಯಲ್ಲಿ ಹೆಚ್ಚಿನ ಎಡೆ ದೊರೆತದ್ದು ಪರೀಕ್ಷೆಯ ನೆರಳು ಸರಿದ ಈ ಕೆಲವು ವಾರಗಳಲ್ಲಿ ಎಂದು ತೋರುತ್ತದೆ.

ಪರೀಕ್ಷೆಯ ಸ್ವರೂಪವೂ ಸ್ಥಿರವಾಗಿ ನಿಲ್ಲಲಿಲ್ಲ. 1980ರಲ್ಲಿ ಅದು ಸಾಹಿತ್ಯ ಮತ್ತು ಭಾಷೆ ಎಂಬ ಎರಡು ಪರೀಕ್ಷೆಗಳಾಯಿತು. 2007ರಲ್ಲಿ, ಹಲವು ಆಕರಗಳನ್ನು ಓದಿ ಸ್ವಂತ ವಾದವನ್ನು ಕಟ್ಟುವ ಪ್ರಶ್ನೆಯು ಭಾಷಾಪರೀಕ್ಷೆಯಲ್ಲಿ ಸೇರಿತು. 2020ರ ಸಾಂಕ್ರಾಮಿಕದ ವರ್ಷದಲ್ಲಿ ಇಡೀ ಪರೀಕ್ಷೆಯು ಮನೆಯಲ್ಲಿ ಕುಳಿತು 45 ನಿಮಿಷಗಳಲ್ಲಿ ಬರೆಯುವ ಒಂದೇ ಪ್ರಬಂಧಕ್ಕೆ ಇಳಿಯಿತು. ಆಗಲೂ ಕೈಬಿಟ್ಟದ್ದು ಬಹು ಆಯ್ಕೆಯ ಪ್ರಶ್ನೆಗಳನ್ನು, ಪ್ರಬಂಧವನ್ನಲ್ಲ. 1942ರ ಯುದ್ಧಕಾಲದ ತೀರ್ಮಾನದೊಡನೆ ಇದನ್ನು ಹೋಲಿಸಿದರೆ ನಡುವಣ ಕಾಲದಲ್ಲಿ ಆದ ಪರಿವರ್ತನೆಯು ತಾನಾಗಿಯೇ ವ್ಯಕ್ತವಾಗುತ್ತದೆ. 2025ರಿಂದ ಕಾಗದ, ಲೇಖನಿಗಳ ಬದಲಾಗಿ ಗಣಕಯಂತ್ರದಲ್ಲಿ ಬರೆಯುವ ಕ್ರಮ ಬಂದಿದೆ. ಇದರ ನಡುವೆ, 2014ರಲ್ಲಿ ಮಂಡಳಿಯು ಆರಂಭಿಸಿದ ‘ಸೆಮಿನಾರ್’ ಎಂಬ ಪಾಠಕ್ರಮದಲ್ಲಿ ತರಗತಿಯ ಸಂಶೋಧನಾ ಬರೆಹಕ್ಕೂ ಅಂತಿಮ ಅಂಕದಲ್ಲಿ ಪಾಲು ದೊರೆತಿದೆ. ಒಡೆದ ಎರಡು ಭಾಗಗಳನ್ನು ಬೆಸೆಯುವ ಪ್ರಯತ್ನವೆಂದು ನಾವು ಇದನ್ನು ಪರಿಗಣಿಸಬಹುದು.

6

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹೊರಗಿನ ಪರೀಕ್ಷಕನನ್ನು ಕೇವಲ ಶತ್ರುವೆಂದು ಭಾವಿಸುವುದು ಸಲ್ಲದು. ದೂರದ ಸಣ್ಣ ಊರಿನ ಶಾಲೆಯ ವಿದ್ಯಾರ್ಥಿಯೊಬ್ಬನ ಬರವಣಿಗೆಯು ಪ್ರಸಿದ್ಧ ಶಾಲೆಯ ವಿದ್ಯಾರ್ಥಿಯ ಬರವಣಿಗೆಯೊಡನೆ ಸರಿಸಮನಾಗಿ, ಹೆಸರಿಲ್ಲದೆ, ಓದಲ್ಪಡುವುದು ಇಂಥ ಪರೀಕ್ಷೆಯಿಂದ ಮಾತ್ರ ಸಾಧ್ಯ. ಎರಡನೆಯದಾಗಿ, ನ್ಯಾಯವಾದ ಅಳತೆಯೇ ಶಿಕ್ಷಣದ ಪೂರ್ಣತೆಯಲ್ಲ. ಬರೆದವನನ್ನು ಬಲ್ಲ ಒಬ್ಬ ಓದುಗನು ಬರೆಹಕ್ಕೆ ಮಾರುತ್ತರವನ್ನು ಕೊಟ್ಟಾಗಲೇ ವಿದ್ಯಾರ್ಥಿಯು ತನ್ನ ಮುಂದಿನ ವಾಕ್ಯವನ್ನು ಇನ್ನಷ್ಟು ಚೆನ್ನಾಗಿ ಬರೆಯಲು ಕಲಿಯುತ್ತಾನೆ. ಪರೀಕ್ಷೆಯ ಅನಂತರದ ವಾರಗಳನ್ನು ವ್ಯರ್ಥವಾದ ಶೇಷಕಾಲವೆಂದು ಮೊಟಕುಗೊಳಿಸುವ ಆಡಳಿತಗಾರರು ಉಳಿಸುವುದು ಕೆಲವು ದಿನಗಳನ್ನು. ಕಳೆಯುವುದು ಆ ಮಾರುತ್ತರವನ್ನು. ಅಂಕೆಯನ್ನು ಯಂತ್ರವೂ ಕೊಟ್ಟೀತು. ಮಾರುತ್ತರಕ್ಕೆ ಅಧ್ಯಾಪಕನೇ ಬೇಕು, ಅವನಿಗೆ ಸಾಕಷ್ಟು ಕಾಲವೂ ಬೇಕು.