ಮಳೆಗೆ ಉಬ್ಬಿದ ಮರ, ತಪ್ಪಿದ ಗುರಿ

ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಬಿಗಿಯಾಗಿ ಕಚ್ಚಿಕೊಳ್ಳುವುದನ್ನು ನೀವು ಕಂಡಿದ್ದೀರಲ್ಲವೆ? ಇದೇ ಸಂಗತಿ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಮೆರೀನ್ ಸೈನಿಕರನ್ನು ಕಾಡಿತು.

1962ರಲ್ಲಿ ರೆಮಿಂಗ್ಟನ್ ಕಂಪನಿ ಬೇಟೆಗಾರರಿಗಾಗಿ ‘ಮಾದರಿ 700’ ಎಂಬ ರೈಫಲನ್ನು ಹೊರತಂದಿತು. ಅದನ್ನೇ ಕೊಂಚ ಮಾರ್ಪಡಿಸಿ, 1966ರಲ್ಲಿ ಮೆರೀನ್ ದಳವು ‘ಎಂ40’ ಎಂಬ ಹೆಸರಿನಲ್ಲಿ ತನ್ನ ಗುರಿಕಾರರ ಕೈಗಿತ್ತಿತು. ನಳಿಗೆ ಉಕ್ಕಿನದು, ಅದನ್ನು ಹೊತ್ತು ಹೆಗಲಿಗೆ ಆನಿಸುವ ಭಾಗ ಮಾತ್ರ ವಾಲ್‌ನಟ್ ಮರದ್ದು. ನೋಡಲು ಬಲು ಚೆಂದ! ಆದರೆ ಅಲ್ಲಿನ ಮಳೆ, ತೇವಕ್ಕೆ ಮರ ಉಬ್ಬಿ, ಸೊಟ್ಟಗಾಗಿ, ನಳಿಗೆಯನ್ನು ಒತ್ತತೊಡಗಿತು. ಗುಂಡು ಹಾರುವಾಗ ನಳಿಗೆ ಕಂಪಿಸುತ್ತದೆ. ಒತ್ತಡ ಬದಲಾದರೆ ಆ ಕಂಪನವೂ ಬದಲಾಗುತ್ತದೆ. ನಿನ್ನೆ ಸರಿಹೊಂದಿಸಿದ ಗುರಿ ಇಂದು ತಪ್ಪುತ್ತದೆ. ಜೊತೆಗಾರನ ಜೀವ ಆ ಒಂದು ಗುಂಡನ್ನೇ ನಂಬಿರುವಾಗ ಇದು ಸಣ್ಣ ಮಾತೇ?

1970ರ ದಶಕದಲ್ಲಿ ವರ್ಜೀನಿಯದ ಕ್ವಾಂಟಿಕೊದಲ್ಲಿ ದಳದ ಕುಶಲಕರ್ಮಿಗಳು ಈ ರೈಫಲ್‌ಗಳನ್ನು ಬಿಚ್ಚಿ ಮರಳಿ ಕಟ್ಟಿದರು. ಮರದ ಜಾಗಕ್ಕೆ ತೇವಕ್ಕೆ ಉಬ್ಬದ ಫೈಬರ್‌ಗ್ಲಾಸ್ ಬಂದಿತು, ನಳಿಗೆಯೂ ಹೊಸದಾಯಿತು. ಹೀಗೆ ಸಿದ್ಧವಾದದ್ದೇ ‘ಎಂ40ಎ1’. ವಾಲ್‌ನಟ್ಟಿನ ಚೆಲುವು ಅದಕ್ಕಿರಲಿಲ್ಲ, ಬಿಡಿ.