ಗಿರಿಯ ಅದಿರು, ಕಾಡಿನ ಇದ್ದಿಲು

ಶಿವಮೊಗ್ಗೆಯಿಂದ ಬೀರೂರಿನ ಕಡೆಗೆ ಹೊರಟ ರೈಲು ತುಂಗೆಯ ಬಯಲನ್ನು ಹಿಂದಿಟ್ಟು ಭದ್ರೆಯ ದಡವನ್ನು ಸಮೀಪಿಸುವಷ್ಟರಲ್ಲಿ, ಆಕಾಶವು ನಿರ್ಮಲವಾಗಿದ್ದ ದಿನಗಳಲ್ಲಿ, ದಕ್ಷಿಣದ ದಿಗಂತದ ಮೇಲೆ ಬಾಬಾಬುಡನ್ ಗಿರಿಶ್ರೇಣಿಯ ನೀಲರೇಖೆಯು ಗೋಚರಿಸುತ್ತದೆ. ಕೆಳಗಿನ ಭದ್ರಾವತಿಗೂ ಮೇಲಿನ ಕೆಮ್ಮಣ್ಣುಗುಂಡಿಗೂ ಇರುವ ಸಂಬಂಧವನ್ನು ಅರಿಯದೆ ಒಂದನ್ನು ಕೇವಲ ಕಾರ್ಖಾನೆಯ ಊರೆಂದೂ ಇನ್ನೊಂದನ್ನು ಕೇವಲ ವಿಹಾರಧಾಮವೆಂದೂ ನೋಡಿ ಬರುವ ಪ್ರವಾಸಿಯು ಎರಡನ್ನೂ ಅರ್ಧವಷ್ಟೇ ನೋಡಿದಂತಾಗುತ್ತದೆ.

ಭದ್ರಾವತಿಯು ಬೆಂಕಿಪುರವೆನಿಸಿಕೊಂಡಿದ್ದ ಕಾಲದಲ್ಲಿ ಅದು ನದೀತೀರದ ಸಾಮಾನ್ಯ ಊರು. ಅದರ ಪ್ರಾಚೀನತೆಗೆ ಸಾಕ್ಷಿಯಾಗಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವು ಹಳೇನಗರದಲ್ಲಿ ಇಂದಿಗೂ ನಿಂತಿದೆ. ತ್ರಿಕೂಟವಾದ ಆ ಗುಡಿಯ ಹೊರಗೋಡೆಯ ಕೋನಗಳ ಮೇಲೆ ಬೆಳಗಿನ ಬಿಸಿಲು ಮಡಿಕೆ ಮಡಿಕೆಯಾಗಿ ಇಳಿಯುವುದನ್ನು ನೋಡುವ ಸಲುವಾಗಿಯೇ ಒಂದು ದಿನವನ್ನು ಮೀಸಲಿಡಬಹುದು. ಉಕ್ಕಿನ ಊರಿಗೆ ಬರುವವರಲ್ಲಿ ಹಾಗೆ ಮಾಡುವವರು ವಿರಳ.

ಮೈಸೂರು ಸೀಮೆಗೆ ಕಬ್ಬಿಣ ಕರಗಿಸುವ ವಿದ್ಯೆ ಹೊಸದೇನೂ ಆಗಿರಲಿಲ್ಲ. 1800-01ರಲ್ಲಿ ಈ ರಾಜ್ಯವನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಸಣ್ಣ ಕುಲುಮೆಗಳಲ್ಲಿ ಇದ್ದಿಲು ಹಾಕಿ ತಿದಿಯೊತ್ತಿ ಕಬ್ಬಿಣ ತೆಗೆಯುವುದನ್ನು ಕಂಡು ಸವಿವರವಾಗಿ ಬರೆದಿಟ್ಟಿದ್ದಾನೆ. ಅಗ್ಗದ ವಿಲಾಯಿತಿ ಕಬ್ಬಿಣ ಬಂದಿಳಿದ ಮೇಲೆ ಆ ಕುಲುಮೆಗಳು ಆರಿಹೋದುವು. ದಿವಾನ್ ವಿಶ್ವೇಶ್ವರಯ್ಯನವರು ಈ ವಿದ್ಯೆಯನ್ನು ಬೃಹತ್ ಪ್ರಮಾಣದಲ್ಲಿ ಮರಳಿ ಹೂಡಲು ಸಂಕಲ್ಪಿಸಿದಾಗ ಎದುರಾದ ತೊಡಕು ಅದಿರಿನದಲ್ಲ, ಇಂಧನದ್ದು: ಗಿರಿಯ ತುಂಬ ಅದಿರಿದ್ದರೂ ರಾಜ್ಯದಲ್ಲೆಲ್ಲೂ ಕಲ್ಲಿದ್ದಲು ಇರಲಿಲ್ಲ.

ಇಲ್ಲಿ ಇಂಗ್ಲೆಂಡಿನ ಚರಿತ್ರೆಯನ್ನು ನೆನೆಯುವುದು ಅಪ್ರಸ್ತುತವಾಗದು. ಶ್ರಾಪ್‌ಶೈರ್ ಪ್ರಾಂತದ ಕೋಲ್‌ಬ್ರುಕ್‌ಡೇಲ್ ಎಂಬ ಕಣಿವೆಯ ಊರಿನಲ್ಲಿ 1709ರಲ್ಲಿ ಏಬ್ರಹಾಂ ಡಾರ್ಬಿಯು ಇದ್ದಿಲಿಗೆ ಬದಲಾಗಿ ಕಲ್ಲಿದ್ದಲಿನ ಕೋಕ್ ಬಳಸಿ ಕಬ್ಬಿಣ ಕರಗಿಸಿದ ಮೇಲೆ, ಆ ದೇಶದ ಕುಲುಮೆಗಳು ಕ್ರಮೇಣ ಕಾಡಿನ ಹಂಗಿನಿಂದ ಬಿಡಿಸಿಕೊಂಡುವು. ಅದಾದ ಎರಡು ಶತಮಾನಗಳ ತರುವಾಯ ಮೈಸೂರು, ತಿಳಿದೂ ತಿಳಿದೂ, ಕಾಡನ್ನೇ ನೆಚ್ಚಿ ಹೊಸ ಕುಲುಮೆಯನ್ನು ಕಟ್ಟಿತು. ಅದನ್ನು ಅಜ್ಞಾನವೆನ್ನಲಾಗದು, ಇದ್ದುದರಲ್ಲಿ ಅದೊಂದೇ ಮಾರ್ಗವಾಗಿತ್ತು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1923ರ ಜನವರಿ 18ರಂದು, ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಅದರ ಭಟ್ಟಿಮನೆಯ ಕ್ರಮವನ್ನು ಸ್ವಲ್ಪ ನಿಂತು ನೋಡಬೇಕು. ಮಲೆನಾಡಿನ ಮರವನ್ನು ತುಂಡರಿಸಿ, ಒಣಗಿಸಿ, ಗಾಳಿಯಾಡದ ದೊಡ್ಡ ಉಕ್ಕಿನ ಕೋಠಿಗಳೊಳಗೆ ನೂಕಿ ಕಾಯಿಸುವರು. ಉರಿಯಲು ಅವಕಾಶವಿಲ್ಲದ ಮರವು ಕಪ್ಪಾಗಿ ಇದ್ದಿಲಾಗುವುದು. ಅದನ್ನು ಹೊರತೆಗೆದೊಡನೆ ಗಾಳಿ ಸೋಕಿದರೆ ಹೊತ್ತಿಕೊಳ್ಳುವುದಾದ್ದರಿಂದ ಮತ್ತೆ ಮುಚ್ಚಿದ ಕೋಠಿಗಳಲ್ಲಿಯೇ ಆರಲು ಬಿಡುವರು. ಹೊಗೆಯನ್ನೂ ಪೋಲು ಮಾಡದೆ ತಣಿಸಿ ಅದರಿಂದ ಮರದ ಮದ್ಯಸಾರವನ್ನೂ ಅಸಿಟೇಟನ್ನೂ ಡಾಂಬರನ್ನೂ ಪಡೆಯುವರು. ಇದ್ದಿಲಿನಲ್ಲಿ ಗಂಧಕದ ಸೋಂಕು ಅತ್ಯಲ್ಪವಾದುದರಿಂದ ಇಲ್ಲಿಯ ಬೀಡುಕಬ್ಬಿಣವು ಉತ್ತಮವೆನಿಸಿತು. ಅದಿರು ಮಾತ್ರ ಕೆಮ್ಮಣ್ಣುಗುಂಡಿಯಿಂದ ಬರಬೇಕು: ಗಿರಿಯ ನೆತ್ತಿಯಿಂದ ತಣಿಗೆಬೈಲಿಗೆ ರೋಪ್‌ವೇಯ ತೊಟ್ಟಿಗಳಲ್ಲಿ, ಅಲ್ಲಿಂದ ಊರಿಗೆ ಪುಟ್ಟ ಟ್ರಾಮ್ ರೈಲಿನಲ್ಲಿ. ಅದೇ ಗಿರಿಯ ತಂಪು ಮಹಾರಾಜರ ಬೇಸಗೆಯ ಬಿಡಾರಕ್ಕೂ ಒದಗಿತು. ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರು ಆ ಸಂಬಂಧದಿಂದ ಬಂದುದು. ಒಂದು ಮಗ್ಗುಲಲ್ಲಿ ಗುಲಾಬಿಯ ತೋಟ, ಇನ್ನೊಂದು ಮಗ್ಗುಲಲ್ಲಿ ಅಗೆದ ಕೆಂಪು ಗಣಿ.

ಮೊದಲ ವರ್ಷಗಳಲ್ಲಿ ಕಬ್ಬಿಣದ ಬೆಲೆ ಕುಸಿದು, ಇದೊಂದು ಬಿಳಿಯಾನೆಯೆಂಬ ಟೀಕೆಯೂ ಕೇಳಿಬಂತು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಮಂಡಲಿಯ ಅಧ್ಯಕ್ಷರಾಗಿ ನಿಂತು, 1929ರವರೆಗೆ ವೆಚ್ಚವನ್ನು ಬಿಗಿಹಿಡಿದು ಅದನ್ನು ದಡ ಸೇರಿಸಿದರು. 1936ರಲ್ಲಿ ಉಕ್ಕಿನ ಶಾಖೆ ಸೇರಿತು. ಅದೇ ವರ್ಷ ಮೈಸೂರು ಕಾಗದದ ಗಿರಣಿಯೂ ಸ್ಥಾಪಿತವಾಯಿತು. ಹಳೇನಗರಕ್ಕೆ ನ್ಯೂಟೌನೂ ಪೇಪರ್‌ಟೌನೂ ಕೂಡಿಕೊಂಡು, ಒಂದೇ ಊರೊಳಗೆ ಮೂರು ಊರುಗಳಾದುವು.

ಆದರೆ ಕುಲುಮೆಯ ಹಸಿವಿಗೆ ಕಾಡು ಎಷ್ಟು ಕಾಲ ಸಾಕಾದೀತು? 1948ರಲ್ಲಿ ಜೋಗದ ಹೊಸ ವಿದ್ಯುದಾಗಾರವು ಸಿದ್ಧವಾದ ಮೇಲೆ, ಮುಂದಿನ ದಶಕದ ಆರಂಭದಲ್ಲಿ ವಿದ್ಯುತ್ ಕುಲುಮೆಗಳು ಬಂದು ಇದ್ದಿಲಿನ ಭಾರವನ್ನು ಇಳಿಸಿದುವು. ಕಾಲಕ್ರಮದಲ್ಲಿ ಮರದ ಸರಬರಾಯಿಯೂ ಗಿರಿಯ ಗಣಿಯೂ ನಿಂತುವು. ಅದಿರಿಗೂ ಇಂಧನಕ್ಕೂ ದೂರದ ನಾಡುಗಳ ಮುಖ ನೋಡುವಂತಾಯಿತು. ಕಾಡೂ ಗಿರಿಯೂ ಕೈಗೆಟಕುವಂತಿದ್ದವೆಂಬ ಕಾರಣಕ್ಕೆ ಇಲ್ಲಿ ಹುಟ್ಟಿದ ಉದ್ಯಮವು, ಆ ಎರಡನ್ನೂ ಕಳೆದುಕೊಂಡ ಬಳಿಕ, ಇಲ್ಲಿಯೇ ಇರಬೇಕೆನ್ನುವುದಕ್ಕೆ ಕಾರ್ಮಿಕರ ಕೈಚಳಕವನ್ನಲ್ಲದೆ ಬೇರೆ ಆಧಾರವನ್ನು ತೋರಿಸಲಾರದೆ ಹೋಯಿತೆಂದು ನನ್ನ ಎಣಿಕೆ. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಮುಚ್ಚುವ ನಿರ್ಧಾರವೂ ಹೊರಬಿದ್ದಿತು. ಕಾರ್ಮಿಕರು ಚಳವಳಿ ಹೂಡಿದರು. ಅದೇ ವರ್ಷ ಸರಳುಗಳ ಗಿರಣಿಯೊಂದು, ಹೊರಗಿನಿಂದ ತಂದ ಉಕ್ಕಿನ ಮೇಲೆ, ಮತ್ತೆ ಓಡತೊಡಗಿತು.